ಗಿಟಾರಿಗೊಂದು ಪಾನ್‌ದಾನ

ನಮ್ಮ ಅಪ್ಪ ರೈಲುಗಳನ್ನು ಅಂಗೈಯಿಂದ ಕೇಳುತ್ತಿದ್ದ.

ವಾಡಿ ಜಂಕ್ಷನ್ನಿನ ಹಿಂದೆ, ಹಳಿಗಳಿಗೆ ಬೆನ್ನು ಮಾಡಿ ನಿಂತ ಸಾಲುಮನೆಗಳಲ್ಲಿ ನಮ್ಮದೂ ಒಂದು. ಅಂಗಳಕ್ಕೆ ಶಹಾಬಾದದ ಫರ್ಸಿ ಹಾಸಿತ್ತು. ಸಂಜೆ ಅದರ ಮೇಲೆ ನೀರು ಚಿಮುಕಿಸಿದರೆ, ಹಗಲೆಲ್ಲ ಕುಡಿದ ಬಿಸಿಲನ್ನು ಆ ಕಲ್ಲು ಮೆಲ್ಲಗೆ ಉಸಿರಿನಂತೆ ಬಿಡುತ್ತಿತ್ತು. ಅಪ್ಪ ಚಾಪೆ ಬೇಡವೆಂದು ಬರಿ ಕಲ್ಲಿನ ಮೇಲೆ ಒರಗಿ, ಒಂದು ಅಂಗೈಯನ್ನು ಫರ್ಸಿಗೆ ಊರಿ ಕಣ್ಣು ಮುಚ್ಚುತ್ತಿದ್ದ. "ಮಾಲ್‌ಗಾಡಿ. ಖಾಲಿ ಅದ," ಅನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಖಾಲಿ ಡಬ್ಬಿಗಳ ಗಾಡಿಯೊಂದು ನಮ್ಮ ಹಿತ್ತಿಲ ಗೋಡೆಯನ್ನು ನಡುಗಿಸುತ್ತ ದಾಟಿ ಹೋಗುತ್ತಿತ್ತು. ಸಿಮೆಂಟಿನ ಬಿಳಿ ಧೂಳು ಸಂಜೆಯ ಬೆಳಕಿನಲ್ಲಿ ತೇಲುತ್ತ ಊರೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದ ಆ ಹೊತ್ತಿನಲ್ಲಿ, ನನಗೆ ಅಪ್ಪ ಕಲ್ಲಿನ ನಾಡಿ ಹಿಡಿದು ಕೂತ ವೈದ್ಯನಂತೆ ಕಾಣುತ್ತಿದ್ದ.

ಆಯುಷ್ಯವಿಡೀ ಉಗಿ ಇಂಜಿನ್ನಿನಲ್ಲಿ ಕಲ್ಲಿದ್ದಲು ಎಸೆದ ಫೈರ್‌ಮನ್ ಅವನು. ರಿಟೈರ್ ಆಗಿ ಮನೆಗೆ ಬರುವ ಹೊತ್ತಿಗೆ ಅವನ ಕಿವಿಯಲ್ಲಿ ಉಳಿದದ್ದು ದಪ್ಪ ಸಪ್ಪಳಗಳು ಮಾತ್ರ: ಡೊಳ್ಳು, ಗುಡುಗು, ಅವ್ವನ ಬೈಗುಳ. ಸಣ್ಣ ಸಪ್ಪಳಗಳೆಲ್ಲ ಯಾವುದೋ ಸ್ಟೇಷನ್ನಿನಲ್ಲಿ ಇಳಿದು ಹೋಗಿದ್ದವು.

ಅಂಥವನ ಮಗನಾದ ನನಗೆ ಹಿಡಿದದ್ದು ಗಿಟಾರಿನ ಹುಚ್ಚು. ವಾಡಿಯಿಂದ ವರ್ಗವಾಗಿ ಹೋದ ಒಬ್ಬ ಗಾರ್ಡ್ ಸಾಹೇಬರು ತಮ್ಮ ಎಲೆಕ್ಟ್ರಿಕ್ ಗಿಟಾರನ್ನೂ ಅದರ ದನಿ ಹೊರಡಿಸುವ ಆಂಪ್ಲಿಫಾಯರ್ ಪೆಟ್ಟಿಗೆಯನ್ನೂ ನನ್ನ ಕೈಗಿಟ್ಟು ಹೋಗಿದ್ದರು. ಹಗಲು ಸಿಮೆಂಟ್ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ, ಬಿಡುವಿನ ದಿನ ಚಿತ್ತಾಪುರದ ಮಾಸ್ತರ ಆರ್ಕೆಸ್ಟ್ರಾದಲ್ಲಿ ಗಿಟಾರು. ಮಾಸ್ತರು ಅಂದರೆ ಶಾಲೆಯ ಮಾಸ್ತರಲ್ಲ. ಬಸ್ ಸ್ಟ್ಯಾಂಡಿನ ಎದುರು ಅವರದು ಟೇಲರ್ ಅಂಗಡಿ. ಬಟ್ಟೆ ಹೊಲಿಸುವವರೂ ಮಾಸ್ತರ್ರೇ ಅನ್ನುತ್ತಿದ್ದರು, ಅಕಾರ್ಡಿಯನ್ ಕೇಳುವವರೂ ಮಾಸ್ತರ್ರೇ ಅನ್ನುತ್ತಿದ್ದರು. ಅವರಿಗೆ ಯಾವ ಕಡೆಯಿಂದ ಕರೆದರೂ ಸಂತೋಷವೇ.

ಸೇಡಂ, ಚಿಂಚೋಳಿ, ಶಹಾಬಾದ, ಎಲ್ಲಿ ಮದುವೆಯಿರಲಿ, ಗಣಪತಿಯಿರಲಿ, ನಮ್ಮ ಟೆಂಪೋ ಹೋಗುತ್ತಿತ್ತು. ದಂಡೋತಿಯ ಹತ್ತಿರ ಕಾಗಿಣಾ ನದಿ ದಾಟುವಾಗ ಎಲ್ಲರೂ ಮಾತು ನಿಲ್ಲಿಸಿ ನೀರು ನೋಡುತ್ತಿದ್ದೆವು. ಆಚೆ ದಂಡೆಯ ತೊಗರಿ ಹೊಲಗಳು ಹೂವಿನ ಕಾಲದಲ್ಲಿ ಹಳದಿ ನಿದ್ದೆಯಲ್ಲಿ ಮುಳುಗಿರುತ್ತಿದ್ದವು. ಇಂದಿಗೂ ಆ ದಿನಗಳನ್ನು ನೆನೆದರೆ ಮೊದಲು ಬರುವುದು ಹಾಡಲ್ಲ, ಟೆಂಪೋದ ಹಿಂದಿನ ಪರದೆ ಎತ್ತಿದಾಗ ಒಳಗೆ ನುಗ್ಗುತ್ತಿದ್ದ ಆ ಹಳದಿ.

ಅಪ್ಪ ನಮ್ಮ ಕಾರ್ಯಕ್ರಮಗಳಿಗೆ ತಪ್ಪದೆ ಬರುತ್ತಿದ್ದ. ಒಗೆದ ಧೋತರ, ರೈಲ್ವೆಯ ಹಳೇ ಕೋಟು, ಮುಂದಿನ ಸಾಲಿನ ಕುರ್ಚಿ. ಮುಗಿದ ಮೇಲೆ ನನ್ನ ಭುಜ ತಟ್ಟಿ "ಛಲೋ ಆಯ್ತು" ಅನ್ನುತ್ತಿದ್ದ. ಆ ಮಾತಿನ ಮೇಲೆ ನಾನು ವಾರಗಟ್ಟಲೆ ಬದುಕುತ್ತಿದ್ದೆ.

ಸೇಡಂನಲ್ಲಿ ನುಡಿಸಿ ಬಂದ ಮರುದಿನ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದೆ. ಒಳಗೆ ಅಪ್ಪ ಅವ್ವನ ಹತ್ತಿರ ಗುಟ್ಟು ಹೇಳುತ್ತಿದ್ದ. ಕಿವಿ ಹೋದವನ ಗುಟ್ಟು ಅಂದರೆ ಓಣಿಗೆಲ್ಲ ಕೇಳುವ ಗುಟ್ಟು.

"ಎಲ್ಲಾ ಛಲೋ ಆಯ್ತು. ಖರೆ ನಮ್ಮಾಂವ ಯಾಕ ಸುಮ್ನ ನಿಂತಿದ್ದ? ಎಲ್ಲಾರೂ ಬಾರಸಲಿಕತ್ತಿದ್ರು, ಇಂವ ಒಬ್ಬಾಂವ ಹೊಟ್ಟಿ ತುರಸ್ಕೊಂಡಂಗ ಮಾಡ್ಲಿಕತ್ತಿದ್ದ."

"ಮೆಲ್ಲಗ ಅನ್ರಿ. ಅಂವ ಹಿತ್ತಲದಾಗ ಅದಾನ."

"ಹಾಂ?"

"ಏನಿಲ್ಲ. ಚಹಾ ಕುಡೀರಿ."

ಮುಖದ ಮೇಲಿನ ಸಾಬೂನು ಕಣ್ಣಿಗಿಳಿಯಿತು. ಅಪ್ಪನಿಗೆ ಡ್ರಮ್ಮು ಕೇಳಿದೆ, ಢೋಲಕ ಕೇಳಿದೆ, ಅಕಾರ್ಡಿಯನ್ನೂ ಅಷ್ಟಿಷ್ಟು ಕೇಳಿದೆ. ನನ್ನ ಗಿಟಾರು ಮಾತ್ರ ಅವನ ಪಾಲಿಗೆ ಹುಟ್ಟಿಯೇ ಇಲ್ಲ. ಇಷ್ಟು ದಿನ ಅವನು ಹೇಳಿದ "ಛಲೋ" ನನ್ನ ಮುಖ ನೋಡಿ ಹೇಳಿದ್ದು. ಒಮ್ಮೆ, ಒಂದೇ ಒಂದು ಸಲ, ನನ್ನ ಗಿಟಾರು ಅಪ್ಪನಿಗೆ ಕೇಳಬೇಕು. ಅಂದಿನಿಂದ ನನಗೆ ಬೇರೆ ಆಸೆ ಉಳಿಯಲಿಲ್ಲ.

ಕೇಳಿಸದಿರಲು ಅಪ್ಪನ ಕಿವಿಯೊಂದೇ ಕಾರಣವಲ್ಲ. ಹಾಡಿನ ಚರಣಗಳ ನಡುವೆ ಬರುವ ವಾದ್ಯದ ಭಾಗಕ್ಕೆ ನಾವು ಪೀಸ್ ಅನ್ನುತ್ತಿದ್ದೆವು. ಹಾಡುವವನು ಹಾಡುವಾಗ ಗಿಟಾರು ಹಿಂದೆ ಸಣ್ಣಗೆ ಮಿಡಿಯುತ್ತಿರಬೇಕು, ಪೀಸ್ ಬಂತೆಂದರೆ ಎಲ್ಲರ ನಡುವಿನಿಂದ ಎದ್ದು ಮುಂದೆ ಬರಬೇಕು. ಸಣ್ಣಗಿಟ್ಟರೆ ಪೀಸ್ ಮುಳುಗುತ್ತಿತ್ತು. ದೊಡ್ಡದಿಟ್ಟರೆ ಹಾಡುವವನು ತಿರುಗಿ ಕಣ್ಣು ಕೆಕ್ಕರಿಸುತ್ತಿದ್ದ. ನಡುವೆ ಗುಂಡಿ ತಿರುಗಿಸೋಣವೆಂದರೆ ಎರಡೂ ಕೈ ತಂತಿಯ ಮೇಲೆ.

ಶಹಾಬಾದದಲ್ಲಿ ರೇಡಿಯೊ ರಿಪೇರಿ ಮಾಡುವ ಒಬ್ಬರಿದ್ದರು. ಊರಿಗೆಲ್ಲ ಅವರು ಮಾಮು, ನನಗೂ ಮಾಮು. ನನ್ನ ಕಥೆಯನ್ನೆಲ್ಲ ಅವರು ಬೀಡಿ ಆರುವ ತನಕ ಕೇಳಿದರು.

"ಅಂದ್ರ ನಿನ್ನ ಆವಾಜ್ ಕುಂತದ. ಅದನ್ನ ಎಬ್ಬಸಬೇಕು," ಅಂದರು. "ಒಂದು ಟ್ರಾನ್ಸಿಸ್ಟರ್, ಒಂದು ಬ್ಯಾಟ್ರಿ, ಕಾಲಿಲೆ ಒತ್ತೂ ಒಂದು ಸ್ವಿಚ್. ಒತ್ತಿದ್ರ ಗಿಟಾರ್ ಮುಂದ ಬಂದು ನಿಲ್ತದ. ಮತ್ತ ಒತ್ತಿದ್ರ ಹಿಂದ ಹೋಗಿ ಕುಂದರ್ತದ. ಬೊಂಬಾಯಿದಾಗ ಇದಕ್ಕ ಬೂಸ್ಟರ್ ಅಂತಾರ ಮಿಯಾ."

"ನೀವು ಮಾಡೀರೇನ್ರಿ ಮಾಮು?"

"ಇಲ್ಲ. ನೀನೂ ಇಂಥಾದ್ದು ಕೇಳಿದ್ದಿಲ್ಲ, ನಾನೂ ಮಾಡಿದ್ದಿಲ್ಲ. ಇಬ್ಬರೂ ಬರಾಬರ್."

ಮೊದಲ ಬೂಸ್ಟರನ್ನು ಅವರು ಪ್ಲಾಸ್ಟಿಕ್ಕಿನ ಸಾಬೂನು ಡಬ್ಬಿಯಲ್ಲಿ ಕೂಡಿಸಿಕೊಟ್ಟರು. ಅದನ್ನು ಯಾರಿಗೂ ಹೇಳದೆ ಚಿಂಚೋಳಿಯ ಒಂದು ಮದುವೆಗೆ ಒಯ್ದು ಕಾಲ ಬಳಿ ಕರವಸ್ತ್ರ ಮುಚ್ಚಿ ಇಟ್ಟೆ. ಮಧ್ಯಾಹ್ನದ ಊಟದ ಹೊತ್ತು. ಪೀಸ್ ಬಂತು, ಒತ್ತಿದೆ. ಗಿಟಾರು ನಿಜಕ್ಕೂ ಎದ್ದು ನಿಂತಿತು. ಅದರ ಹೆಗಲೇರಿ ಹೈದರಾಬಾದಿನ ರೇಡಿಯೊ ಕೂಡ ಬಂತು. ಯಾರೋ ಗಂಭೀರ ಉರ್ದುವಿನಲ್ಲಿ ಪೇಟೆ ಧಾರಣೆ ಓದುತ್ತಿದ್ದರು. ನಾನು ಗಾಬರಿಯಿಂದ ಮತ್ತೆ ಒತ್ತಿ ಆರಿಸಿದೆ. ಊಟದ ಪಂಕ್ತಿಯಿಂದ ಮದುಮಗನ ಸೋದರಮಾವ, ತೊಗರಿ ವ್ಯಾಪಾರದವರು, ಎಂಜಲು ಕೈಯಲ್ಲೇ ಎದ್ದು ನಿಂತರು.

"ಯಾಕ ಬಂದ್ ಮಾಡಿದ್ರಿ? ತೊಗರಿದು ಹೇಳೂದಿತ್ತು. ಇನ್ನೊಮ್ಮಿ ಹಚ್ರಿ."

ಶಹಾಬಾದಕ್ಕೆ ಹೋಗಿ ಹೇಳಿದಾಗ ಈ ಮಾತು ಕೇಳಿ ಮಾಮು ಮೇಜಿಗೆ ಹಣೆ ಹಚ್ಚಿ ನಕ್ಕರು. "ಪ್ಲಾಸ್ಟಿಕ್ಕಿನ್ಯಾಗ ಇಟ್ರ ಹಾದ್ಯಾಗ ಹೋಗೂ ಆವಾಜೆಲ್ಲ ಒಳಗ ಬರ್ತಾವ. ಸುತ್ತ ಲೋಹದ ಗೋಡಿ ಬೇಕು," ಅಂದವರೇ ಅಟ್ಟದ ಮೇಲೆ ಕೈಯಾಡಿಸಿ ಒಂದು ಹಿತ್ತಾಳೆಯ ಪಾನ್‌ದಾನ ತೆಗೆದರು. ಎಲೆ, ಅಡಿಕೆ, ಸುಣ್ಣ ಇಡುವ ಚೌಕದ ಡಬ್ಬಿ. ಮುಚ್ಚಳದ ಮೇಲೆ ಸವೆದ ಬಳ್ಳಿಯ ಚಿತ್ತಾರ. ತೆರೆದರೆ ಇನ್ನೂ ಕಾಚಿನ ವಾಸನೆ. "ಅಮ್ಮೀಜಾನ್‌ದು. ಮುಂಜಾನೆ ಇದರ ಮುಚ್ಚಳ ಟಪ್ ಅಂದ್ರ ಮನಿ ಏಳತಿತ್ತು. ಆಕಿ ಹೋದ ಮ್ಯಾಲ ಸುಮ್ಮನ ಕುಂತದ. ಹಾಡ್ಲಿ."

ಬೂಸ್ಟರನ್ನು ಅದರೊಳಗೆ ಕೂಡಿಸಿ, ಮುಚ್ಚಳದ ಮೇಲೆ ಸ್ವಿಚ್ಚು ಹಚ್ಚಿಕೊಟ್ಟರು. ನಾನು ಹೊರಟಾಗ ಬಾಗಿಲ ತನಕ ಬಂದು ಒಂದು ಮಾತು ಹೇಳಿದರು: "ಆಂಪ್ಲಿಫಾಯರ್ ಪೂರಾ ತಿರುಗಸಬ್ಯಾಡ. ತುಂಬಿದ ಕೊಡಕ್ಕ ಮತ್ತ ನೀರು ಹಾಕಿದ್ರ ಚೆಲ್ತದ, ಏರಂಗಿಲ್ಲ. ಅರ್ಧಕ್ಕ ಇಡು. ಬಾಜೂದವರಿಗೂ ಹೇಳು, ಸ್ವಲ್ಪ ಜಾಗಾ ಬಿಡ್ರಿ ಅಂತ."

ಪಾನ್‌ದಾನವನ್ನು ಮಾಸ್ತರ ಅಂಗಡಿಗೆ ಒಯ್ದೆ. ನಮ್ಮ ತಾಲೀಮು ನಡೆಯುತ್ತಿದ್ದದ್ದು ಅಲ್ಲೇ, ಅರ್ಧ ಹೊಲಿದ ಅಂಗಿಗಳ ತೋಳುಗಳು ಮೇಲಿನಿಂದ ತೂಗಾಡುತ್ತಿರುವಾಗ. ಮಾಸ್ತರು ಅದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಮೆಚ್ಚಿ ನೋಡಿದರು. ಕಾಲಿಂದ ಒತ್ತುವುದು ಅಂದ ಕೂಡಲೇ ಅವರ ಮುಖ ಬದಲಾಯಿತು.

ಮಾಸ್ತರು ಭಜನೆಯ ಮನೆತನದವರು. ಸ್ಟೇಜು ಹತ್ತುವ ಮೊದಲು ಎಲ್ಲರ ಚಪ್ಪಲಿಯೂ ಕೆಳಗೆ ಉಳಿಯಬೇಕು, ಪ್ರತಿಯೊಬ್ಬನೂ ತನ್ನ ವಾದ್ಯವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಗೊತ್ತಿಲ್ಲದೆ ಢೋಲಕಕ್ಕೆ ಕಾಲು ತಾಗಿದರೆ ಅಂದು ಅವರಿಗೆ ಊಟ ರುಚಿಸುತ್ತಿರಲಿಲ್ಲ.

"ವಾದ್ಯಕ್ಕ ಕಾಲು ಹಚ್ಚತೀರೇನಪಾ?" ಅಂದರು.

ನಮ್ಮ ಡ್ರಮ್ಮಿನ ಗೆಳೆಯ ಸೇಡಂ ಕಡೆಯವನು, ಬಾಯಿ ಸುಮ್ಮನಿರುವವನಲ್ಲ. "ನಾ ಡ್ರಮ್ಮಿಗೆ ಕಾಲಿಲೆ ಒದೀತೀನಲ್ರೀ ಮಾಸ್ತರ್ರೇ. ನೀವೂ ದಿನಾ ಹೊಲಿಗಿ ಮಷೀನ್ ತುಳೀತೀರಿ."

"ಮಷೀನ್ ಎಲ್ಲಿ ತುಳೀತೀನಿ? ಹಲಗಿ ತುಳೀತೀನಿ. ನಿನ್ನ ಡ್ರಮ್ಮಿಗೂ ಹಲಗಿ ಅದ. ಹಲಗಿ ಬ್ಯಾರೆ, ವಾದ್ಯ ಬ್ಯಾರೆ."

"ಅಂದ್ರ ಇದಕ್ಕೂ ಒಂದು ಹಲಗಿ ಹಚ್ಚಿದ್ರ ಆತು?"

ಮಾಸ್ತರು ತಮ್ಮ ಮಾತಿನಲ್ಲಿ ತಾವೇ ಸಿಕ್ಕಿಬಿದ್ದರು. "ಹಚ್ಚಿ ತೋರಸ್ರಿ ಮೊದಲು," ಅಂದರು.

ಕೀಲಿರುವ ಒಂದು ಸಾಗವಾನಿ ಹಲಗೆಯನ್ನು ಪಾನ್‌ದಾನದ ಮೇಲೆ ಒರಗಿಸಿದೆವು. ಕಾಲು ಹಲಗೆಯ ಮೇಲೆ, ಹಲಗೆ ಸ್ವಿಚ್ಚಿನ ಮೇಲೆ. ಮಾಸ್ತರಿಗೆ ಸಮಾಧಾನವಾಯಿತು. ತಾಲೀಮಿನಲ್ಲಿ ನುಡಿಸಿದಾಗ ಗಿಟಾರಿನ ದನಿ ಎಲ್ಲರ ನಡುವಿನಿಂದ, ಕನ್ನಡಿಯಂಥ ಕಾಗಿಣಾ ನೀರಿನಿಂದ ಮೀನು ಜಿಗಿದಂತೆ ಎದ್ದು ಬಂತು. ತೂಗುಬಿದ್ದ ಅಂಗಿಗಳ ಖಾಲಿ ತೋಳುಗಳು ಅಲ್ಲಾಡಿದಂತೆ ಕಂಡವು. ಅಂದು ಟೆಂಪೋದಲ್ಲಿ ಮನೆಗೆ ಬರುವಾಗ ಪಾನ್‌ದಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮಹಾನವಮಿಯ ದಿನ ನಮ್ಮ ಫ್ಯಾಕ್ಟರಿ ಕಾಲೋನಿಯಲ್ಲೇ ಕಾರ್ಯಕ್ರಮವಿತ್ತು. ಅಪ್ಪನ ಕುರ್ಚಿ ಸ್ಟೇಜಿಗೆ ತೀರ ಸಮೀಪ ಇರುತ್ತಿತ್ತು.

ಆದರೆ ಮಹಾನವಮಿ ಅಂದರೆ ಆಯುಧಪೂಜೆ. ಅಂದು ಕಾಲಿಂದ ತುಳಿಯುವ ಹಲಗೆಯ ಗತಿ ಏನು ಅಂತ ಅಷ್ಟು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಅಂದು ಬೆಳಿಗ್ಗೆ ಅಪ್ಪ ಲೋಕೋ ಶೆಡ್ಡಿಗೆ ಹೋಗಿ, ಬಾಳೆಕಂಬ ಕಟ್ಟಿಕೊಂಡು ಮದುವಣಗಿತ್ತಿಯಂತೆ ನಿಂತ ಹಳೇ ಇಂಜಿನ್ನಿಗೆ ಕೈ ಮುಗಿದು ಬಂದ. ನಾನು ಚಿತ್ತಾಪುರಕ್ಕೆ ಹೋದೆ. ಮಾಸ್ತರು ಹಿಂದಿನ ದಿನವೇ ವಾದ್ಯಗಳನ್ನೆಲ್ಲ ಅಂಗಡಿಗೆ ತರಿಸಿಕೊಂಡಿದ್ದರು. ನಾನು ತಲುಪುವ ಹೊತ್ತಿಗೆ ಪೂಜೆ ಮುಗಿದಿತ್ತು. ಕತ್ತರಿ, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಮಷೀನು, ಅದರ ಕಾಲಹಲಗೆ, ಅಕಾರ್ಡಿಯನ್, ಢೋಲಕ, ನನ್ನ ಗಿಟಾರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಸಾಲಿನ ಕೊನೆಯಲ್ಲಿ ಹುಣಸೆಹಣ್ಣು ಹಚ್ಚಿ ತೊಳೆದ ಪಾನ್‌ದಾನ ದೇವರ ಪೆಟ್ಟಿಗೆಯಂತೆ ಹೊಳೆಯುತ್ತಿತ್ತು. ಮೈತುಂಬ ವಿಭೂತಿ. ಹಲಗೆಗೂ ವಿಭೂತಿ. ನಡುವೆ ದೊಡ್ಡ ಕುಂಕುಮದ ಬೊಟ್ಟು.

"ಇದಕ್ಕ ಯಾಕ ಹಚ್ಚಿದ್ರಿ ಮಾಸ್ತರ್ರೇ?"

"ಹಿತ್ತಾಳಿ ಸಾಮಾನ, ಬಿಟ್ರ ಹೆಂಗ? ಹೊಲಿಗಿ ಮಷೀನ್ ಹಲಗಿಗಿ ಹಚ್ಚಿದೆ, ಅದರ ಹಿಂದೇ ಇದಕ್ಕೂ ಕೈ ಹೋತು."

"ಸಂಜಿಗಿ ನಾ ಇದನ್ನ ತುಳೀಬೇಕಲ್ರಿ."

ಮಾಸ್ತರು ಕುಂಕುಮದ ಬಟ್ಟಲು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಅಂದರು: "ಇವತ್ತ ನಾ ಮಷೀನೂ ತುಳಿಯಂಗಿಲ್ಲ. ಗಿರಾಕಿ ಅಂಗಿ ಅರ್ಧಕ್ಕ ನಿಂತಾವ. ಕೈಲೆ ನುಡಸೂದು ನುಡಸೋಣು, ಅದು ಸೇವಾ. ಕಾಲು ಮಾತ್ರ ಬ್ಯಾಡ್ರಿ. ನಾಳಿಂದ ಬೇಕಾದಷ್ಟು ತುಳೀರಿ."

ಅವರ ದನಿಯಲ್ಲಿ ಹಟವಿರಲಿಲ್ಲ, ಸಂಕಟವಿತ್ತು. ನಿಜ ಹೇಳಬೇಕೆಂದರೆ ನನ್ನ ಕಾಲೂ ಆ ಬೊಟ್ಟಿನ ಮೇಲೆ ಏಳುತ್ತಿರಲಿಲ್ಲ.

ಸಂಜೆ ಕಾಲೋನಿಯ ಕ್ಲಬ್ಬಿನ ಮುಂದಿನ ಫರ್ಸಿ ಕಟ್ಟೆಯೇ ಸ್ಟೇಜು. ಸೂರ್ಯ ಗಣಿಯ ದಿಬ್ಬದ ಹಿಂದೆ ಇಳಿಯುತ್ತಿದ್ದ. ಬಣ್ಣದ ದೀಪಗಳು ಹೊತ್ತಿಯೂ ಹೊತ್ತದಂತೆ ಇದ್ದವು. ಪೀಸ್ ಬಂದಾಗ ಸ್ವಿಚ್ಚನ್ನು ಕೈಯಿಂದ ಯಾರು ಒತ್ತಬೇಕು ಅನ್ನುವುದು ಸ್ಟೇಜಿನ ಹಿಂದೆ ದೊಡ್ಡ ಚರ್ಚೆಯಾಯಿತು. ಮಾಸ್ತರ ಎರಡೂ ಕೈ ಅಕಾರ್ಡಿಯನ್ನಿನಲ್ಲಿ, ಡ್ರಮ್ಮಿನವನ ಕೈಯಲ್ಲಿ ಕೋಲು. ಹಾಡುವವನಿಗೆ ಆಗ ಬಿಡುವಿರುತ್ತಿತ್ತು, ಆದರೆ ಅವನು ತನ್ನ ಹೊಸ ಬೆಲ್‌ಬಾಟಂ ತೋರಿಸಿದ.

"ನೀವೇ ಹೊಲದದ್ದು ಮಾಸ್ತರ್ರೇ. ತೊಡಿ ಹತ್ರ ಭಾಳ ಬಿಗಿ ಅದ. ಬಗ್ಗಿದೆ ಅಂದ್ರ ಎಲ್ಲಾರ ಮುಂದ ನಿಮ್ಮ ಹೆಸರೇ ಹರಕೊಂಡು ಹೋಗ್ತದ."

ಮುಂದಿನ ಕುರ್ಚಿಯಲ್ಲಿ ಕೂತ ಅಪ್ಪ ನಮ್ಮ ಬಾಯಿಗಳನ್ನೇ ನೋಡುತ್ತಿದ್ದ. ಕಿವಿ ಹೋದ ಮೇಲೆ ಅವನು ಮುಖ ಓದುವುದನ್ನು ಕಲಿತಿದ್ದ. ಎದ್ದು ಬಂದು "ಏನದು?" ಅಂದ. ನಾನು ಅವನ ಕಿವಿಗೆ ಬಾಯಿ ಹಚ್ಚಿ ಕೂಗಿ ಹೇಳಿದೆ. ಕುಂಕುಮ, ಹಲಗೆ, ಸ್ವಿಚ್ಚು, ಪೀಸ್, ಎಲ್ಲ.

ಅಪ್ಪ ಪಾನ್‌ದಾನವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ಕೋಟಿನ ತೋಳು ಮಡಚಿದ.

"ಇಂಜಿನ್ನಿನ್ಯಾಗ ನಾವೇನು ಮಾತಾಡ್ತಿದ್ದೇವೇನು? ಆ ಗದ್ದಲದಾಗ ಯಾರಿಗಿ ಏನು ಕೇಳಸ್ತಿತ್ತು? ಡ್ರೈವರ್ ಗೋಣು ಹಾಕತಿದ್ದ, ನಾ ಕಲ್ಲಿದ್ದಲಿ ಒಗೀತಿದ್ದೆ. ನೀ ಡ್ರೈವರ್. ಗೋಣು ಹಾಕು, ಸಾಕು."

ಹಲಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅಪ್ಪ ಫರ್ಸಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಆಂಪ್ಲಿಫಾಯರ್ ಅವನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಪಾನ್‌ದಾನವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಗೈಯನ್ನು ಅದರ ಮೇಲಿಟ್ಟ. ನಾನು ಯಾವಾಗ ತಲೆಯಾಡಿಸುತ್ತೇನೆ ಅಂತ ಕಣ್ಣು ನನ್ನ ಗೋಣಿನ ಮೇಲೆ. ಆ ನೋಟದಲ್ಲಿ ನಾನು ಮಗನಾಗಿರಲಿಲ್ಲ. ರಾಯಚೂರಿನ ಕಡೆ ಹೊರಟ ಯಾವುದೋ ಗಾಡಿಯ ಡ್ರೈವರ್ ಆಗಿದ್ದೆ.

ಹಾಡು ಶುರುವಾಯಿತು. ಆಂಪ್ಲಿಫಾಯರನ್ನು ಮಾಮು ಹೇಳಿದಂತೆ ಅರ್ಧಕ್ಕಿಟ್ಟಿದ್ದೆ. ಚರಣ ಮುಗಿಯಿತು, ಗೋಣು ಹಾಕಿದೆ. ಅಪ್ಪನ ಅಂಗೈ ಇಳಿಯಿತು.

ಆ ಕ್ಷಣವನ್ನು ನಾನು ನೆನಪಿಸಿಕೊಳ್ಳುವುದಿಲ್ಲ, ಅದು ತಾನೇ ಬಂದು ಹೋಗುತ್ತದೆ. ಗಿಟಾರಿನ ದನಿ ಎದ್ದು ಅಪ್ಪನ ಮೊಣಕಾಲಿನ ಪಕ್ಕದಿಂದ ಹೊರಟು, ಕ್ಲಬ್ಬಿನ ಗೋಡೆ ದಾಟಿ, ಬಿಳಿ ಧೂಳಿನೊಳಗೆ ತೇಲಿಹೋಯಿತು. ಅಪ್ಪನ ಹುಬ್ಬು ಮೇಲೇರಿತು. ಅವನು ನನ್ನ ಮುಖ ಬಿಟ್ಟು ಆಂಪ್ಲಿಫಾಯರಿನ ಕಡೆ ತಿರುಗಿದ, ಬಾಗಿಲಲ್ಲಿ ಯಾರೋ ಬಹುದಿನದ ಪರಿಚಯದವರು ಬಂದು ನಿಂತಿದ್ದಾರೆ ಅನ್ನುವಂತೆ. ಮೆಲ್ಲಗೆ ಬಗ್ಗಿ ಕಿವಿಯನ್ನು ಅದರ ಮುಂಬದಿಯ ಬಟ್ಟೆಗೆ ಆನಿಸಿದ. ಅದನ್ನು ನೋಡುತ್ತ ನನ್ನ ಬೆರಳು ಜಾರಿ ಪೀಸಿನ ಕೊನೆಯಲ್ಲಿ ಒಂದು ಸ್ವರ ತಪ್ಪಿತು. ಇಳಿಯಬೇಕಾದದ್ದು ಏರಿ ನಿಂತುಬಿಟ್ಟಿತು.

ಪೀಸ್ ಮುಗಿಯಿತು. ಗೋಣು ಹಾಕಿದೆ. ಅಪ್ಪ ನೋಡಲಿಲ್ಲ. ಹಾಡುವವನು ಎರಡನೇ ಚರಣ ಎತ್ತಿಕೊಂಡ. ಮತ್ತೆ ಗೋಣು ಹಾಕಿದೆ. ಅಪ್ಪ ಕಣ್ಣು ಮುಚ್ಚಿದ್ದ. ಬೆಲ್‌ಬಾಟಂನವನು ತಿರುಗಿ ಕೆಕ್ಕರಿಸಿ ನೋಡಿದ, ಅವನ ಹಾಡಿನ ಮೇಲೆ ನನ್ನ ಮಿಡಿತ ಕುದುರೆಯಂತೆ ಓಡುತ್ತಿತ್ತು. ಡ್ರಮ್ಮಿನವನು ಹಲ್ಲು ಕಿರಿದ. ಕೈ ನಿಲ್ಲಿಸೋಣವೆಂದರೆ ಅಪ್ಪನ ಮುಖ ಕಾಣುತ್ತಿತ್ತು, ನಿಲ್ಲಿಸಲು ಆಗಲಿಲ್ಲ. ಆಗ ಮಾಸ್ತರು, ಆ ಕಟ್ಟುನಿಟ್ಟಿನ ಮನುಷ್ಯ, ಹಾಡುವವನಿಗೆ ಮೈಕಿನ ಹತ್ತಿರ ಸರಿ ಅಂತ ಸನ್ನೆ ಮಾಡಿ, ತಮ್ಮ ಅಕಾರ್ಡಿಯನ್ನಿನ ಗಾಳಿ ತಗ್ಗಿಸಿದರು. ಡ್ರಮ್ಮಿನವನ ಕಡೆ ಹುಬ್ಬು ಇಳಿಸಿ ತೋರಿಸಿದರು. ಅವನೂ ತಗ್ಗಿದ. ಹಾಡು ಮುಗಿಯುವ ತನಕ ಎಲ್ಲರೂ ಸರಿದು ಕೂತು ದಾರಿ ಕೊಟ್ಟಂತಿತ್ತು.

ಚಪ್ಪಾಳೆಗೆ ಅಪ್ಪ ಕಣ್ಣು ತೆರೆದ. ಅಂಗೈಗೆಲ್ಲ ಕುಂಕುಮ. ನನ್ನ ಕಡೆ ನೋಡಿ, "ನೀ ಗೋಣು ಹಾಕಿದ್ದೇನು?" ಅಂದ. ಇಲ್ಲ ಅಂದೆ.

"ಏನ್ರಿ ಕಾಕಾ, ಗಾಡಿ ನಿಂದರಸೂದೇ ಮರತ್ರಲ್ಲ?" ಅಂದ ಡ್ರಮ್ಮಿನವನು. ಅಪ್ಪನಿಗೆ ಕೇಳಿಸಲಿಲ್ಲ.

ಅಂದು ಅವನು "ಛಲೋ ಆಯ್ತು" ಅನ್ನಲಿಲ್ಲ. ಭುಜವನ್ನೂ ತಟ್ಟಲಿಲ್ಲ. ಮನೆಯ ತನಕ ನನ್ನ ಮುಂದೆ ನಡೆದ. ಅವನಿಗೆ ಕೇಳಿತೋ, ಬರಿ ಅದುರು ಅಂಗೈಗೆ ತಾಗಿತೋ, ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನಿನ್ನೂ ಹಾಸಿಗೆಯಲ್ಲಿದ್ದೆ. ಹಿತ್ತಿಲಲ್ಲಿ ಅಪ್ಪ ಬನ್ನಿ ಹಬ್ಬದ ಸ್ನಾನಕ್ಕೆ ನೀರು ತೋಡಿಕೊಳ್ಳುತ್ತಿದ್ದ. ತಂಬಿಗೆಯ ಸಪ್ಪಳದ ನಡುವೆ ಒಂದು ಗುನುಗು ಕೇಳಿತು. ಶ್ರುತಿಯಿಲ್ಲ, ತಾಳವಿಲ್ಲ, ಒಡಕು ದನಿ. ಆದರೂ ಗುರುತು ಸಿಕ್ಕಿತು. ನನ್ನ ಪೀಸ್. ಏರುತ್ತ ಏರುತ್ತ ಕೊನೆಗೆ ಬಂದು, ಇಳಿಯಬೇಕಾದ ಕಡೆ ಇಳಿಯದೆ, ನಾನು ಜಾರಿದ ಆ ತಪ್ಪು ಸ್ವರದ ಮೇಲೆಯೇ ಬಂದು ನಿಂತಿತು.

"ಏನು ಹಾಡ ಹಚ್ಚೀರಿ? ನೀರು ಆರ್ಲಿಕತ್ತದ," ಅಂದಳು ಅವ್ವ.

"ಹಾಂ?" ಅಂದ ಅಪ್ಪ. ಮತ್ತೆ ಮೊದಲಿನಿಂದ ಶುರುಮಾಡಿದ.